ಮರ್ಕಾರಾ ಅಂತ ಟೈಪ್ ಮಾಡಿ ನೋಡಿ: ಫೋನು ಲ್ಯಾಪ್‌ಟಾಪಲ್ಲಿ ಕೊಡಗಿನ ಚರಿತ್ರೆ ಹುಡುಕೋದು ಹೇಗೆ

ನೆಟ್ಟಲ್ಲಿ "ಮಡಿಕೇರಿ ಇತಿಹಾಸ" ಅಂತ ಹಾಕಿದ್ರೆ ಬರೋದು ಹೋಂಸ್ಟೇ, ರಾಜಾಸೀಟು, ಅಬ್ಬಿ ಫಾಲ್ಸು, ಮತ್ತೆ ಒಬ್ಬರದ್ದನ್ನ ಇನ್ನೊಬ್ಬರು ಕಾಪಿ ಮಾಡಿ ಹಾಕಿರೋ ಅದದೇ ನಾಲ್ಕು ಪ್ಯಾರಾ. ಅದೇ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಮರ್ಕಾರಾ ಅಂತ ಹಾಕಿ, ಎಂ ಇ ಆರ್ ಸಿ ಎ ಆರ್ ಎ, ಬ್ರಿಟಿಷರು ಮಡಿಕೇರಿನ ಹಾಗೇ ಬರೀತಿದ್ದಿದ್ದು, ಅದರ ಪಕ್ಕ ಕೊಡಗಿಗೆ ಅವರಿಟ್ಟ ಕೂರ್ಗ್ ಅನ್ನೋ ಹೆಸರನ್ನೂ ಸೇರಿಸಿ, ನೂರೈವತ್ತು ವರ್ಷದ ಹಿಂದಿನ ಪುಸ್ತಕ, ಸರ್ಕಾರಿ ವರದಿ, ಮ್ಯಾಪು, ಫೋಟೋ ಒಂದರ ಹಿಂದೆ ಒಂದು ಬರೋಕೆ ಶುರುವಾಗುತ್ತೆ. ನಾನು ಇಲ್ಲಿ ಹೇಳೋಕೆ ಹೊರಟಿರೋದರಲ್ಲಿ ಮುಕ್ಕಾಲು ಪಾಲು ಇಷ್ಟೇ, ಯಾವ ಹೆಸರಿಟ್ಟು ಕೇಳ್ಬೇಕು ಅನ್ನೋದು ಗೊತ್ತಿದ್ರೆ ಕಂಪ್ಯೂಟರ್ ಕೊಡುತ್ತೆ, ಗೊತ್ತಿಲ್ಲದಿದ್ರೆ ಎಷ್ಟು ದೊಡ್ಡ ಲೈಬ್ರರಿ ಆನ್‌ಲೈನ್ ಬಂದ್ರೂ ನಮಗೆ ಅದು ಬೀಗ ಹಾಕಿದ ಬಾಗಿಲೇ.

ನಾನು ಇತಿಹಾಸದಲ್ಲಿ ಡಿಗ್ರಿ ಮಾಡಿದವನಲ್ಲ, ಕುಶಾಲನಗರದಿಂದ ಸ್ವಲ್ಪ ಮೇಲೆ ನಮ್ಮದು ಒಂದಿಷ್ಟು ಗದ್ದೆ, ಒಂದಿಷ್ಟು ಕಾಫಿ. 2018ರ ಆಗಸ್ಟಲ್ಲಿ ಗುಡ್ಡ ಜರಿದಾಗ ನಮ್ಮ ಸಂಬಂಧಿಕರೊಬ್ಬರ ಮನೆ ಹೋಯ್ತು, ಜನ ಹಿಂದಿನ ರಾತ್ರಿನೇ ಹೊರಗೆ ಬಂದಿದ್ದಕ್ಕೆ ಉಳ್ಕೊಂಡ್ರು, ಆದ್ರೆ ಅಟ್ಟದ ಮೇಲಿದ್ದ ತಗಡಿನ ಟ್ರಂಕು, ಅದರೊಳಗೆ ಮೂರು ತಲೆಮಾರಿನ ಕಂದಾಯ ರಶೀದಿ, ಪಾಲು ಪತ್ರ, ಮದುವೆ ಲೆಕ್ಕದ ಪುಸ್ತಕ, ಎಲ್ಲಾ ಮಣ್ಣಿನ ಜೊತೆ ಹೊಳೆ ಸೇರ್ತು. ಅವತ್ತಿಂದ ನಾನು ಬೇರೆಯವರ ಮನೆಯ ಟ್ರಂಕನ್ನಾದ್ರೂ ಫೋನಲ್ಲಿ ಉಳಿಸೋಣ ಅಂತ ಈ ಕೆಲಸ ಹಿಡ್ಕೊಂಡಿದ್ದು, ಹಾಗೇ ಒಂದೊಂದೇ ಕಲ್ತಿದ್ದು.

ಮೊದಲು ಹೆಸರಿನ ಪಟ್ಟಿ ಮಾಡ್ಕೊಳ್ಳಿ. ಒಂದು ನೋಟ್‌ಬುಕ್ ಸಾಕು. ನಿಮ್ಮೂರಿನ ಈಗಿನ ಹೆಸರು, ಅಜ್ಜಿ ಬಾಯಲ್ಲಿ ಬರೋ ಹೆಸರು, ಪಹಣಿಯಲ್ಲಿರೋ ಹೆಸರು, ಬ್ರಿಟಿಷರ ಕಾಗುಣಿತ, ನಾಲ್ಕನ್ನೂ ಅಕ್ಕಪಕ್ಕ ಬರೀರಿ. ಕುಶಾಲನಗರ ಅಂತ ಹುಡುಕಿದ್ರೆ ಬ್ರಿಟಿಷರ ಕಾಲದ ದಾಖಲೆಯಲ್ಲಿ ಹೆಚ್ಚೇನೂ ಸಿಗಲ್ಲ, ಯಾಕಂದ್ರೆ ಆಗ ಅದು ಫ್ರೇಜರ್‌ಪೇಟೆ, 1834ರಲ್ಲಿ ಕೊಡಗನ್ನ ಈಸ್ಟ್ ಇಂಡಿಯಾ ಕಂಪನಿ ವಶಕ್ಕೆ ತಗೊಂಡ ಕರ್ನಲ್ ಫ್ರೇಜರ್ ಹೆಸರು. ವಿರಾಜಪೇಟೆ ಹಳೇ ಪುಸ್ತಕದಲ್ಲಿ ವೀರರಾಜೇಂದ್ರಪೇಟೆ ಅಂತಾನೂ ಇರುತ್ತೆ. ಕಾವೇರಿನ ಸಿ ಅಕ್ಷರದಿಂದ ಶುರುಮಾಡಿ ಹುಡುಕಬೇಕು. ತಾಲ್ಲೂಕುಗಳ ಹೆಸರೂ ಬೇರೆ, ಕಿಗ್ಗಟ್ಟುನಾಡು, ಎಡೆನಾಲ್ಕುನಾಡು, ಪಡಿನಾಲ್ಕುನಾಡು, ನಂಜರಾಜಪಟ್ಟಣ, ಏಳುಸಾವಿರ ಸೀಮೆ, ಇವೆಲ್ಲ ಇಂಗ್ಲಿಷಲ್ಲಿ ಹೇಗೆ ಬೇಕೋ ಹಾಗೆ ಬರೆದಿದ್ದಾರೆ, ಹಾಗಾಗಿ ಒಂದೊಂದಕ್ಕೂ ಮೂರು ನಾಲ್ಕು ಕಾಗುಣಿತ ಹಾಕಿ ನೋಡ್ಬೇಕು. ಅಧಿಕಾರಿಗಳ ಹೆಸರೂ ಹಾಗೇ, ನಮ್ಮಲ್ಲಿ ತಾಲ್ಲೂಕಿಗೆ ಇದ್ದವರು ತಹಶೀಲ್ದಾರ್ ಅಲ್ಲ ಸುಬೇದಾರ್, ನಾಡಿಗೆ ಪಾರ್ಪತ್ಯಗಾರ.

ಇದು ಊರಿನ ಹೆಸರಿಗೆ ಮಾತ್ರ ಅಲ್ಲ, ಘಟನೆಗೂ ಅಷ್ಟೇ. ಕಂಪನಿ ಮೇಲೆ ಎದ್ದ 1837ರ ದಂಗೆನ ನಾವು ಅಮರ ಸುಳ್ಯ ದಂಗೆ ಅಂತೀವಿ, ಹಿರಿಯರು ಕಲ್ಯಾಣಪ್ಪನ ಕಾಟಕಾಯಿ ಅಂತಿದ್ರು. ಈ ಎರಡು ಹೆಸರನ್ನ ಹಿಡ್ಕೊಂಡು ಹೋದ್ರೆ ಕಂಪನಿ ಕಾಲದ ಕಾಗದ ಪತ್ರದಲ್ಲಿ ಏನೂ ಕಾಣಲ್ಲ. ಬರೆದವರು ಅವರು, ಅವರ ಲೆಕ್ಕದಲ್ಲಿ ಅದು ಕೆನರಾದ ಇನ್ಸರೆಕ್ಷನ್, ರೆಬೆಲಿಯನ್, ಡಿಸ್ಟರ್ಬೆನ್ಸ್. ಹಾಗಾಗಿ 1837, ಕೆನರಾ, ಕೂರ್ಗ್, ಈ ಮೂರರ ಜೊತೆ ಆ ಮಾತುಗಳನ್ನ ಒಂದೊಂದಾಗಿ ಸೇರಿಸಿ ಹುಡುಕಿ. 1837ರ ಅಕ್ಟೋಬರ್ 31ಕ್ಕೆ ಮಡಿಕೇರಿಯಲ್ಲಿ ಗಲ್ಲಿಗೆ ಹಾಕಿದ ಗುಡ್ಡೆಮನೆ ಅಪ್ಪಯ್ಯ ಗೌಡರ ಹೆಸರನ್ನೂ ಇವತ್ತಿನ ಕಾಗುಣಿತದಲ್ಲಿ ಮಾತ್ರ ಹುಡುಕ್ಬೇಡಿ, ಅಪ್ಪಯ್ಯ ಅನ್ನೋದನ್ನ ಇಂಗ್ಲಿಷಲ್ಲಿ ಎಷ್ಟು ಥರ ಬರೀಬಹುದು ಅಂತ ಕೂತು ಬರೆದು ನೋಡಿ, ಅಷ್ಟೂ ಹಾಕಿ.

ಈಗ ಎಲ್ಲಿ ಹುಡುಕೋದು. ನಾನು ದಿನಾ ಹೋಗೋದು ಇಂಟರ್ನೆಟ್ ಆರ್ಕೈವ್ ಅನ್ನೋ ಪುಕ್ಕಟೆ ಆನ್‌ಲೈನ್ ಲೈಬ್ರರಿಗೆ. ರಿಕ್ಟರ್ ಪಾದ್ರಿಯ 1870ರ ಕೂರ್ಗ್ ಮ್ಯಾನ್ಯುಯಲ್, ಮೋಗ್ಲಿಂಗ್‌ನ 1855ರ ಕೂರ್ಗ್ ಮೆಮೊಯಿರ್ಸ್, ಲೂಯಿ ರೈಸ್‌ನ ಮೈಸೂರು ಕೊಡಗು ಗೆಜೆಟಿಯರ್‌ನಲ್ಲಿ ಕೊಡಗಿನ ಸಂಪುಟ, ಇವೆಲ್ಲ ಅಲ್ಲಿ ಪುಕ್ಕಟೆ, ಒಂದು ಕಾಲಕ್ಕೆ ಇವನ್ನ ನೋಡೋಕೆ ಮೈಸೂರಿಗೋ ಬೆಂಗಳೂರಿಗೋ ಬಸ್ ಹತ್ತಿ ಹೋಗಿ ಲೈಬ್ರರಿಯವರ ಹತ್ರ ಕಾಡಿ ಬೇಡಬೇಕಿತ್ತು. ಆದ್ರೆ ಅಲ್ಲಿ ಎಲ್ಲರೂ ಮಾಡೋ ತಪ್ಪು ಒಂದಿದೆ. ಸುಮ್ನೆ ಹುಡುಕಿದ್ರೆ ಅದು ಪುಸ್ತಕದ ಹೆಸರು, ಲೇಖಕರ ಹೆಸರು, ವಿವರಣೆ ಇಂಥದ್ದರಲ್ಲಿ ಮಾತ್ರ ನೋಡುತ್ತೆ, ನಿಮ್ಮೂರಿನ ಹೆಸರು ಯಾವ ಪುಸ್ತಕದ ಮೇಲೂ ಇರಲ್ವಲ್ಲ. ಸರ್ಚ್ ಬಾಕ್ಸ್ ಹತ್ರನೇ ಟೆಕ್ಸ್ಟ್ ಕಂಟೆಂಟ್ಸ್ ಅಂತ ಒಂದು ಆಯ್ಕೆ ಇದೆ, ಅದನ್ನ ಒತ್ತಿ ಹುಡುಕಿ, ಆಗ ಪುಸ್ತಕದೊಳಗಿನ ಸಾಲುಗಳಲ್ಲಿ ಹುಡುಕುತ್ತೆ, ನಿಮ್ಮ ಹಳ್ಳಿ ಹೆಸರು ಯಾವುದೋ ಗೊತ್ತೇ ಇಲ್ಲದ ವರದಿಯ ಇನ್ನೂರನೇ ಪುಟದಲ್ಲಿ ಎದ್ದು ಕೂರುತ್ತೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಬಂದಿರೋ ಕನ್ನಡ ಪುಸ್ತಕಗಳೂ ಅಲ್ಲಿ ರಾಶಿ ಇವೆ, ಅವುಗಳ ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ದೀರ್ಘ ಒತ್ತು ಎಲ್ಲಾ ವಿಚಿತ್ರವಾಗಿ ಬರೆದಿರ್ತಾರೆ, ಒಂದು ಸಲಕ್ಕೆ ಸಿಗದಿದ್ರೆ ಎರಡಕ್ಷರ ಆಚೀಚೆ ಮಾಡಿ. ಕನ್ನಡ ಅಕ್ಷರದಲ್ಲೇ ಹುಡುಕೋರಿಗೆ ಸಂಚಯ ಅನ್ನೋ ತಂಡದವರ ಪುಸ್ತಕ ಸಂಚಯ ಸೈಟು ತುಂಬಾ ಉಪಕಾರ.

ಸರ್ಕಾರಿ ಫೈಲು ಬೇಕಂದ್ರೆ ದಿಲ್ಲಿಯ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ಅನ್ನೋ ಪೋರ್ಟಲ್. ಅಲ್ಲಿ ರೆವೆನ್ಯೂ ಅಂತ ಹುಡುಕಿ ಏನೂ ಸಿಗಲಿಲ್ಲ ಅಂತ ಬಿಟ್ಟುಬಿಡ್ಬೇಡಿ. 1881ರ ನಂತರ ಮೈಸೂರಿನ ರೆಸಿಡೆಂಟ್ ಯಾರೋ ಅವರೇ ಕೊಡಗಿಗೆ ಚೀಫ್ ಕಮಿಷನರ್, ಅದಕ್ಕೇ ನಮ್ಮ ಕಾಗದ ಬಹಳಷ್ಟು ಫಾರಿನ್ ಡಿಪಾರ್ಟ್‌ಮೆಂಟ್ ಅನ್ನೋ ತಲೆಬರಹದ ಕೆಳಗೆ, ಮೈಸೂರು ರೆಸಿಡೆನ್ಸಿ ಫೈಲುಗಳ ಮಧ್ಯೆ ಇರುತ್ತೆ. ಹಳೇ ಫೋಟೋ ಬೇಕಂದ್ರೆ ಬಾಸೆಲ್ ಮಿಷನ್ ಆರ್ಕೈವ್ಸ್ ನೋಡಿ, ಮೋಗ್ಲಿಂಗ್ ಪಾದ್ರಿ ಇಲ್ಲಿ ಬಂದು ಕೆಲಸ ಮಾಡಿದ ಕಾರಣಕ್ಕೆ ಮಡಿಕೇರಿ, ಆನಂದಪುರದ ಕಡೆಯ ಚಿತ್ರಗಳು ಸ್ವಿಟ್ಜರ್ಲೆಂಡಲ್ಲಿ ಉಳ್ಕೊಂಡಿವೆ. ಜರ್ಮನಿಯ ಟ್ಯೂಬಿಂಗೆನ್ ಯೂನಿವರ್ಸಿಟಿಯವರ ಗುಂಡರ್ಟ್ ಪೋರ್ಟಲ್‌ನಲ್ಲಿ ಮಲಯಾಳಂ ಜೊತೆಗೆ ಹಳೇ ಕನ್ನಡ ಮುದ್ರಣಗಳೂ ಇವೆ. ಕೊಡಗಿನ ಕೊನೇ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನ ಚಿತ್ರ, 1852ರಲ್ಲಿ ವಿಂಟರ್‌ಹಾಲ್ಟರ್ ಬರೆದಿದ್ದು, ಲಂಡನ್ನಿನ ರಾಯಲ್ ಕಲೆಕ್ಷನ್ ಸೈಟಲ್ಲಿ ದೊಡ್ಡದಾಗಿ ಜೂಮ್ ಮಾಡಿ ನೋಡಬಹುದು. ಆ ಹುಡುಗಿ ಹನ್ನೊಂದನೇ ವಯಸ್ಸಿಗೇ ಇಂಗ್ಲೆಂಡಿಗೆ ಹೋಗಿ ವಾಪಸ್ ಬರಲೇ ಇಲ್ಲ, 1864ರಲ್ಲಿ ತೀರ್ಕೊಂಡ್ಳು. ಚಿತ್ರದಲ್ಲಿ ಮೈತುಂಬ ಒಡವೆ, ಸೀರೆ, ಕೈಯಲ್ಲಿ ಬೈಬಲ್ಲು. ನಾನು ಆ ಮುಖ ನೋಡ್ತಾ ಒಂದು ಸಂಜೆ ಪೂರ್ತಿ ಕೂತಿದ್ದೆ. ಒಕ್ಕಗಳ, ಅಂದ್ರೆ ಮನೆತನಗಳ ಬಗ್ಗೆ ಹುಡುಕೋ ಕೊಡವರು ಬೋವೇರಿಯಂಡ ನಂಜಮ್ಮ ಚಿಣ್ಣಪ್ಪ ದಂಪತಿ ಊರೂರು ಅಲೆದು ಐನ್‌ಮನೆಗಳ, ಅಂದ್ರೆ ಒಕ್ಕದ ಮೂಲ ಮನೆಗಳ ವಿವರ ಕೂಡಿಸಿದ್ದನ್ನ ನೋಡ್ಲೇಬೇಕು, ಅಂಥ ಕೆಲಸ ಬೇರೆ ಜಿಲ್ಲೆಯಲ್ಲಿ ನಾನು ಕಂಡಿಲ್ಲ.

ಒಂದು ವಿಷಯ ಇಲ್ಲೇ ಹೇಳ್ಬಿಡ್ತೀನಿ. ಹೀಗೆ ಸಿಗೋದರಲ್ಲಿ ಬಹುಪಾಲು ಪಾದ್ರಿಗಳು, ಸಾಹೇಬರು, ಅರಸರು ಬರೆಸಿದ್ದು. ರಾಜೇಂದ್ರನಾಮೆ ದೊಡ್ಡವೀರರಾಜೇಂದ್ರ ತಾನೇ ಬರೆಸಿದ ಚರಿತ್ರೆ, ಅದರಲ್ಲಿ ಅವನ ಕಡೆಯ ಮಾತು ಇರುತ್ತೆ. 1834ರ ಬಗ್ಗೆ ಬ್ರಿಟಿಷರು ಬರೆದಿದ್ದರಲ್ಲಿ ತಾವು ಮಾಡಿದ್ದು ಸರಿ ಅನ್ನೋ ಸಮರ್ಥನೆ ಇರುತ್ತೆ. ಯರವರು, ಜೇನುಕುರುಬರು, ಕುಡಿಯರು ಇವರ ಬಗ್ಗೆ ಸ್ಕ್ಯಾನ್ ಆದ ಪುಸ್ತಕಗಳಲ್ಲಿ ಇರೋದು ಹೊರಗಿನವರು ನೋಡಿ ಬರೆದ ನಾಲ್ಕು ಸಾಲು, ಅದೂ ಬಹಳ ಕಡೆ ಮರ್ಯಾದೆ ಇಲ್ಲದ ಭಾಷೆಯಲ್ಲಿ. ತೋಟ ಗದ್ದೆ ಕಟ್ಟಿದ ಕೈಗಳ ಚರಿತ್ರೆ ಆನ್‌ಲೈನಲ್ಲಿ ಇಲ್ಲ ಅಂದ ಮಾತ್ರಕ್ಕೆ ಅವರಿಗೆ ಚರಿತ್ರೆ ಇಲ್ಲ ಅಂತ ಅಲ್ಲ, ಅದು ಹಾಡಲ್ಲಿದೆ, ಮಾತಲ್ಲಿದೆ, ಅದಕ್ಕೆ ರೆಕಾರ್ಡಿಂಗೇ ದಾರಿ, ಅದನ್ನ ಮುಂದೆ ಹೇಳ್ತೀನಿ.

ಶಾಸನಕ್ಕೆ ಬರೋಣ, ನನಗೆ ಬಹಳ ಇಷ್ಟದ ಭಾಗ. ಶಾಸನಗಳನ್ನ ಅಚ್ಚು ಹಾಕಿರೋ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಮಾಲೆಯ ಮೊದಲನೇ ಸಂಪುಟನೇ ಕೊಡಗಿನದು, ರೈಸ್ 1886ರಲ್ಲಿ ತಂದಿದ್ದು, 1914ರಲ್ಲಿ ಪರಿಷ್ಕರಿಸಿದ್ದು, 1972ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದವರು ಮತ್ತೆ ತಂದರು. ಇಳಿಸ್ಕೊಂಡು ನಿಮ್ಮ ಹೋಬಳಿ, ಪಕ್ಕದ ಹೋಬಳಿಯ ಊರುಗಳ ಹೆಸರು ಅದರಲ್ಲಿ ಇದೆಯಾ ನೋಡಿ. ಇದ್ರೆ ಶಾಸನದ ಪಾಠ, ಅರ್ಥ ಎರಡೂ ಕೈಗೆ ಸಿಕ್ಕ ಹಾಗೆ. ಆಮೇಲೆ ಮಾಡ್ಬೇಕಾದ್ದು ಆ ಕಲ್ಲು ಈಗಲೂ ಅಲ್ಲೇ ಇದೆಯಾ ಅಂತ ಹೋಗಿ ನೋಡೋದು, ಈ ಕೆಲಸ ಮನೆಯಲ್ಲಿ ಕೂತು ಆಗಲ್ಲ.

ಕಲ್ಲಿನ ಫೋಟೋ ಹಗಲು ಹೊತ್ತು ಎದುರಿಂದ ತೆಗೆದ್ರೆ ಬರೀ ಪಾಚಿ ಕಾಣುತ್ತೆ. ನಾನೂ ನನ್ನ ಚಿಕ್ಕಪ್ಪನೂ ಒಂದು ಸಂಜೆ ಏಳು ಗಂಟೆಗೆ ಕೆರೆ ಏರಿ ಪಕ್ಕ ಒಂದು ಕಲ್ಲಿನ ಹತ್ರ ಹೋದ್ವಿ, ಕಾಲಿಗೆ ಜಿಗಣೆ ಹತ್ತದ ಹಾಗೆ ಹೊಗೆಸೊಪ್ಪಿನ ನೀರು ಸವರ್ಕೊಂಡು. ಹಗಲಲ್ಲಿ ಎಷ್ಟೋ ಸಲ ನೋಡಿದ ಕಲ್ಲೇ ಅದು, ಬಟ್ಟೆ ಒಗೆಯೋಕೆ ಬಂದವರು ಸೋಪಿನ ಡಬ್ಬಿ ಇಡ್ತಿದ್ದ ಕಲ್ಲು. ಚಿಕ್ಕಪ್ಪ ಟಾರ್ಚನ್ನ ಕಲ್ಲಿನ ಎಡ ಅಂಚಿಗೆ ತಾಗೋ ಹಾಗೆ ಹಿಡಿದು ಬೆಳಕನ್ನ ಕಲ್ಲಿನ ಮೈ ಮೇಲೆ ಅಡ್ಡ ಬಿಟ್ರು. ಒಂದು ಕ್ಷಣ ಏನೂ ಇಲ್ಲ, ಆಮೇಲೆ ಟಾರ್ಚ್ ಒಂದಿಂಚು ಕೆಳಗೆ ಇಳಿಸಿದಾಗ ಒಂದೊಂದು ಗೀರಿಗೂ ನೆರಳು ಬಿದ್ದು ಸಾಲು ಸಾಲಾಗಿ ಅಕ್ಷರ ಎದ್ದು ನಿಂತವು, ಅದರ ಮೇಲೆ ಬಿಲ್ಲು ಹಿಡಿದ ಒಬ್ಬ ವೀರ. "ಅಯ್ಯೋ ಇಷ್ಟು ವರ್ಷ ಇವನ ತಲೆ ಮೇಲೆ ಸೋಪಿಟ್ಟಿದ್ವಲ್ಲೋ" ಅಂದ್ರು ಚಿಕ್ಕಪ್ಪ. ಅದಾದ ಮೇಲೆ ಅಲ್ಲಿ ಯಾರೂ ಏನೂ ಇಡೋಕೆ ಅವರು ಬಿಡಲ್ಲ.

ಹಾಗಾಗಿ ಹೀಗೆ ಮಾಡಿ: ಕತ್ತಲಾದ ಮೇಲೆ ಹೋಗಿ, ಫೋನನ್ನ ಸ್ಟ್ಯಾಂಡಿಗೋ ಒಂದು ಕಟ್ಟೆಗೋ ಆನಿಸಿ ಅಲುಗಾಡದ ಹಾಗೆ ಇಡಿ, ಫ್ಲ್ಯಾಶ್ ಆಫ್ ಮಾಡಿ, ಟಾರ್ಚ್ ಎಡದಿಂದ ಒಂದು ಸಲ, ಬಲದಿಂದ, ಮೇಲಿಂದ, ಕೆಳಗಿಂದ ಒಂದೊಂದು ಸಲ, ನಾಲ್ಕೂ ಫೋಟೋ ತಗೊಳ್ಳಿ, ಒಂದರಲ್ಲಿ ಕಾಣದ ಅಕ್ಷರ ಇನ್ನೊಂದರಲ್ಲಿ ಕಾಣುತ್ತೆ. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಲೊಕೇಶನ್ ಆನ್ ಇರ್ಲಿ. ದಯವಿಟ್ಟು ಸೀಮೆಸುಣ್ಣ, ಅರಿಶಿನ, ಎಣ್ಣೆ ಹಚ್ಚಬೇಡಿ, ತಂತಿ ಬ್ರಷ್ಷಿಂದ ಉಜ್ಜಬೇಡಿ, ಪಾಚಿ ಇದ್ರೆ ಬರೀ ನೀರು ಮತ್ತೆ ತೆಂಗಿನ ನಾರು ಸಾಕು, ಅದೂ ಮೆಲ್ಲಗೆ. ಬೆಂಗಳೂರಲ್ಲಿ ಮಿಥಿಕ್ ಸೊಸೈಟಿಯವರು ಶಾಸನಗಳನ್ನ ತ್ರೀಡಿ ಸ್ಕ್ಯಾನ್ ಮಾಡಿ ಸವೆದ ಅಕ್ಷರ ಕೂಡ ಓದೋ ಹಾಗೆ ಮಾಡ್ತಿದ್ದಾರೆ, ನಮ್ಮ ಹತ್ರ ಆ ಮೆಷಿನ್ ಇಲ್ಲದಿದ್ರೂ ಕಲ್ಲಿನ ಸುತ್ತ ಒಂದರ ಮೇಲೊಂದು ಹೊಂದೋ ಹಾಗೆ ಐವತ್ತು ಅರವತ್ತು ಫೋಟೋ ತೆಗೆದಿಟ್ರೆ ಫೋಟೋಗ್ರಾಮೆಟ್ರಿ ಆ್ಯಪಲ್ಲಿ ಒಂದು ಮಟ್ಟದ ತ್ರೀಡಿ ಮಾಡಬಹುದು. ಓದೋಕೆ ಬರದಿದ್ರೆ ಪರವಾಗಿಲ್ಲ, ಚೆನ್ನಾಗಿರೋ ಫೋಟೋ ಇದ್ರೆ ಓದೋಕೆ ಬರೋರು ಮೈಸೂರಲ್ಲಿದ್ದಾರೆ, ಭಾರತೀಯ ಪುರಾತತ್ವ ಇಲಾಖೆಯ ಶಾಸನ ವಿಭಾಗದ ಕೇಂದ್ರ ಕಚೇರಿ ಇರೋದೇ ಅಲ್ಲಿ.

ತಾರೀಖಿನ ಲೆಕ್ಕ ಕಲ್ತ್ಕೊಳ್ಳಿ, ಕಷ್ಟ ಇಲ್ಲ. ಶಕ ವರ್ಷಕ್ಕೆ 78 ಕೂಡಿಸಿದ್ರೆ ಇಸವಿ, ಆದ್ರೆ ಪುಷ್ಯ ಮಾಘ ಫಾಲ್ಗುಣ ಅಂತಿದ್ರೆ ಅಷ್ಟರಲ್ಲಿ ಇಂಗ್ಲಿಷ್ ವರ್ಷ ಬದಲಾಗಿರುತ್ತೆ, ಆಗ 79. ಕೊಡಗಿನದೇ ಪೆಗ್ಗೂರಿನ ಶಾಸನದಲ್ಲಿ ಶಕ 899, ಈಶ್ವರ ಸಂವತ್ಸರ, ಫಾಲ್ಗುಣ ಅಂತಿದೆ, 978ರ ಶುರು ಅಂತ ಬರುತ್ತೆ. ಇದು ಸರಿನಾ ಅಂತ ನೋಡೋಕೆ ಇನ್ನೊಂದು ದಾರಿ ಸಂವತ್ಸರ, ಅರವತ್ತು ವರ್ಷಕ್ಕೊಮ್ಮೆ ತಿರುಗುತ್ತೆ, 1997ರ ಯುಗಾದಿಗೆ ಈಶ್ವರ ಬಂದಿತ್ತು, ಅಲ್ಲಿಂದ ಅರವತ್ತರವತ್ತು ಹಿಂದಕ್ಕೆ ಹೋಗ್ತಾ ಇದ್ರೆ 977ರ ಯುಗಾದಿಗೆ ಬಂದು ನಿಲ್ಲುತ್ತೆ, ಶಕ ಸಂವತ್ಸರ ಎರಡೂ ಕೂಡಿಬಂತು. ಮನೆ ಕಾಗದಕ್ಕೂ ಇದೇ ಲೆಕ್ಕ. ನಮ್ಮ ಮನೆಯಲ್ಲಿ ಒಂದು ಪತ್ರ ಇದೆ, ಬರೀ ಜಯ ಸಂವತ್ಸರ ಅಂತ ಬರೆದಿದೆ, ಇಸವಿ ಇಲ್ಲ. ಜಯ ಬಂದಿದ್ದು 1834, 1894, 1954. ಕಾಗದ ತಿರುಗಿಸಿ ಮೇಲಿನ ಮುದ್ರೆ ನೋಡಿದ್ರೆ ವಿಕ್ಟೋರಿಯಾ ರಾಣಿ ತಲೆ, ಹಂಗಾದ್ರೆ 1894. ಅಲ್ಲಿ ಅಶೋಕ ಸ್ತಂಭದ ಸಿಂಹ ಇದ್ದಿದ್ರೆ 1954 ಅಂತಿದ್ದೆ. ಅಜ್ಜಂದಿರು ತಿಂಗಳು ಹೇಳುವಾಗ ಕಕ್ಕಡ, ಚಿಂಗ್ಯಾರ್, ತೊಲ್ಯಾರ್ ಅಂದ್ರೆ ಅದನ್ನ ಹಾಗೇ ಬರ್ಕೊಳ್ಳಿ, ಕಕ್ಕಡ ಅಂದ್ರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ, ನೀವಾಗಿ ಜುಲೈ ಅಂತ ಬದಲಾಯಿಸಿ ಬರೆದ್ರೆ ಮುಂದೆ ಓದೋರಿಗೆ ತಪ್ಪು ದಾರಿ.

ಅಚ್ಚಾದ ಕನ್ನಡ ಪುಟನ ಟೈಪ್ ಮಾಡದೇ ಅಕ್ಷರಕ್ಕೆ ಇಳಿಸೋದು ಈಗ ಸುಲಭ. ಪುಟದ ಫೋಟೋನ ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸಲ್ಲಿ ತೆಗೀರಿ, ಇಲ್ಲಾ ಗೂಗಲ್ ಲೆನ್ಸ್ ಹಿಡೀರಿ, ಜಾಸ್ತಿ ಪುಟ ಇದ್ರೆ ಟೆಸೆರಾಕ್ಟ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್, ಅದಕ್ಕೂ ಕನ್ನಡ ಬರುತ್ತೆ. ಈಗಿನ ಅಚ್ಚು ಚೆನ್ನಾಗಿ ಓದುತ್ತೆ, ಹಳೇ ಮೊಳೆ ಅಚ್ಚಿಗೆ ತಡವರಿಸುತ್ತೆ. ಅದು ಮಾಡೋ ತಪ್ಪುಗಳಿಗೆ ಒಂದು ಕ್ರಮ ಇದೆ, ಮ ಅನ್ನೋದನ್ನ ವು ಅಂತ ಓದುತ್ತೆ, ಸೊನ್ನೆಗೂ ಅನುಸ್ವಾರಕ್ಕೂ ವ್ಯತ್ಯಾಸ ತಿಳಿಯಲ್ಲ, ಪ ಹೋಗಿ ಷ ಆಗುತ್ತೆ, ಕೆಳಗಿನ ಒತ್ತಕ್ಷರ ಮಾಯ. ಹಾಗಾಗಿ ಸ್ಕ್ಯಾನ್ ಆದ ಹಳೇ ಕನ್ನಡ ಪುಸ್ತಕದೊಳಗೆ ಮಡಿಕೇರಿ ಸಿಗಲಿಲ್ಲ ಅಂದ್ರೆ "ವುಡಿಕೇರಿ" ಅಂತ ಹಾಕಿ ಹುಡುಕಿ! ನಿಜವಾಗ್ಲೂ ಸಿಗುತ್ತೆ, ನಾನು ಎಷ್ಟೋ ಪುಟ ಹೀಗೇ ಹಿಡಿದಿದ್ದು. ಅಂಕಿಗಳನ್ನ ಮಾತ್ರ ಯಾವತ್ತೂ ಮೂಲದ ಚಿತ್ರ ಪಕ್ಕದಲ್ಲಿಟ್ಟೇ ನೋಡಿ, ಇಸವಿಯಲ್ಲಿ ಒಂದಂಕಿ ತಪ್ಪಿದ್ರೆ ಕಥೆನೇ ಬೇರೆ. ಕೈಬರಹದ ಮೋಡಿ ಅಕ್ಷರ, ಶಾನುಭೋಗರು ಸೇರಿಸಿ ಸೇರಿಸಿ ಬರೆದಿರೋದು, ಇದನ್ನ ಈ ಸಾಫ್ಟ್‌ವೇರ್ ಕೈಲಿ ಓದಿಸೋಕೆ ಹೋಗಿ ದಿನ ಹಾಳುಮಾಡ್ಬೇಡಿ, ಹಳೇ ದಾಖಲೆ ಓದಿ ರೂಢಿ ಇರೋ ಹಿರಿಯರನ್ನ ಹುಡುಕಿ ಪಕ್ಕ ಕೂರಿ. ಅರ್ಥ ಆಗದ ಮಾತಿಗೆ ಕಿಟೆಲ್ ನಿಘಂಟು ಆನ್‌ಲೈನಲ್ಲೇ ಇದೆ.

ಮ್ಯಾಪು. ಟೆಕ್ಸಾಸ್ ಯೂನಿವರ್ಸಿಟಿಯ ಪೆರಿ ಕಾಸ್ಟಾನೆಡಾ ಲೈಬ್ರರಿ ಸೈಟಲ್ಲಿ 1950ರ ದಶಕದ ಭಾರತದ ಮ್ಯಾಪುಗಳಿವೆ, ಒಂದು ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರ್ ಅಳತೆ, ಮನೆ ಗದ್ದೆ ಕಾಣಲ್ಲ, ದಾರಿ, ಹೊಳೆ, ಊರ ಹೆಸರು ಕಾಣುತ್ತೆ. ಕ್ಯೂಜಿಐಎಸ್ ಅನ್ನೋ ಪುಕ್ಕಟೆ ಸಾಫ್ಟ್‌ವೇರಿನ ಜಿಯೋರೆಫರೆನ್ಸರ್‌ನಲ್ಲಿ ಅದನ್ನ ತೆಗೆದು, ಹಳೇ ಮ್ಯಾಪಲ್ಲೂ ಈಗಿನ ಮ್ಯಾಪಲ್ಲೂ ಒಂದೇ ಜಾಗ ಅಂತ ಖಚಿತ ಇರೋ ಆರೆಂಟು ಕಡೆ ಗುರುತು ಹಾಕಿದ್ರೆ ಹಳೇದು ಹೊಸದರ ಮೇಲೆ ಕೂರುತ್ತೆ. ತಡಿಯಂಡಮೋಳ್ ತುದಿ, ಪುಷ್ಪಗಿರಿ ತುದಿ, ಭಾಗಮಂಡಲದ ಸಂಗಮ ಇಂಥವನ್ನ ತಗೊಳ್ಳಿ, ಹೊಳೆಯ ತಿರುವು ತಗೋಬೇಡಿ, ಅದು ಜಾಗ ಬದಲಾಯಿಸಿರುತ್ತೆ. ನಾನು ಹೀಗೆ ಕೂರಿಸಿ ಪಾರದರ್ಶಕ ಮಾಡಿದಾಗ ಈಗಿನ ಹಾರಂಗಿ ಹಿನ್ನೀರಿನ ನೀಲಿ ಕೆಳಗೆ ಬರೀ ಒಂದು ತೆಳ್ಳಗಿನ ಹೊಳೆ ಗೆರೆ ಕಾಣ್ತು. ನಮ್ಮತ್ತೆಗೆ ತೋರಿಸ್ದೆ, ಅವರು ಫೋನನ್ನ ಕಣ್ಣಿಗೆ ಹತ್ರ ಹಿಡಿದು "ಇಲ್ಲೇ ನಾವು ಮೀನು ಹಿಡೀತಿದ್ದಿದ್ದು" ಅಂದ್ರು, ಸುಮಾರು ಹೊತ್ತು ಬೇರೇನೂ ಹೇಳಲಿಲ್ಲ.

ಕಡಂಗ ಹುಡುಕೋರಿಗೆ ಒಂದು ಎಚ್ಚರಿಕೆ. ಯುದ್ಧಕ್ಕೆ ಅಂತ ಬೆಟ್ಟ ಗುಡ್ಡದ ಮೇಲೆ ತೋಡಿದ ಆ ಮಣ್ಣಿನ ಕಂದಕಗಳು ಸ್ಯಾಟಲೈಟ್ ಚಿತ್ರದಲ್ಲಿ ಬಹಳ ಕಡೆ ಕಾಣಲ್ಲ, ಮೇಲೆ ಸಿಲ್ವರ್ ಓಕು, ಕಾಫಿ, ಕಾಡು ಮರ. ಪುಕ್ಕಟೆ ಸಿಗೋ ಎತ್ತರದ ಮಾಹಿತಿ ಮೂವತ್ತು ಮೀಟರಿಗೊಂದು ಚುಕ್ಕಿ, ಕಂದಕ ಅದಕ್ಕಿಂತ ಕಿರಿದು. ಅದಕ್ಕೆ ಕಡಂಗದ ಉದ್ದಕ್ಕೂ ನೀವೇ ನಡ್ಕೊಂಡು ಹೋಗಿ, ಫೋನಲ್ಲಿ ಜಿಪಿಎಸ್ ಟ್ರ್ಯಾಕ್ ಆನ್ ಮಾಡಿ, ತೋಟದವರ ಅನುಮತಿ ಕೇಳಿ. ಹಾಗೆ ಸಿಕ್ಕ ಗೆರೆನ ಓಪನ್ ಸ್ಟ್ರೀಟ್ ಮ್ಯಾಪಿಗೆ ಸೇರಿಸಿದ್ರೆ ಜೆಸಿಬಿ ಬರೋಕೆ ಮುಂಚೆ ಅದು ಎಲ್ಲಿತ್ತು ಅನ್ನೋದಾದ್ರೂ ಉಳಿಯುತ್ತೆ. ಜಮೀನಿನ ಮಟ್ಟಕ್ಕೆ ಬೇಕಂದ್ರೆ ಕಂದಾಯ ಇಲಾಖೆ ಸೈಟಿಂದ ಗ್ರಾಮ ನಕ್ಷೆ ಇಳಿಸ್ಕೊಳ್ಳಬಹುದು, ದಿಶಾಂಕ್ ಆ್ಯಪಲ್ಲಿ ನಿಂತ ಜಾಗದ ಸರ್ವೇ ನಂಬರ್ ಬರುತ್ತೆ.

ಮನೆ ಕಾಗದದ ಸ್ಕ್ಯಾನ್ ಕೊಡಗಲ್ಲಿ ಡಿಸೆಂಬರಿಂದ ಫೆಬ್ರವರಿ ಒಳಗೆ ಮಾಡ್ಬೇಕು. ಮಳೆಗಾಲದಲ್ಲಿ ಟ್ರಂಕ್ ತೆಗೆದ್ರೆ ತೇವ ಒಳಗೆ ಹೋಗಿ ಬೂಷ್ಟು ಹಿಡಿಯುತ್ತೆ, ಮಡಿಕೆ ಹತ್ರ ಹರಿಯುತ್ತೆ. ಅಂಗಳದಲ್ಲಿ ನೆರಳಿರೋ ಕಡೆ ಬಿಳೀ ಪಂಚೆ ಹಾಸಿ, ಒಂದೊಂದೇ ಕಾಗದ ಬಿಡಿಸಿ, ಮೇಲಿಂದ ನೇರಕ್ಕೆ ಫೋಟೋ ತೆಗೀರಿ, ಹಿಂಬದಿನೂ ತೆಗೀರಿ, ಖಾಲಿ ಅನ್ಸಿದ್ರೂ ತೆಗೀರಿ, ಹಿಂದೆ ಯಾರೋ ಪೆನ್ಸಿಲಲ್ಲಿ ಭತ್ತದ ಲೆಕ್ಕ ಬರೆದಿರ್ತಾರೆ. ಸೆಲ್ಲೋಟೇಪ್ ಹಾಕ್ಬೇಡಿ, ಲ್ಯಾಮಿನೇಶನ್ ಅಂತೂ ಮಾಡಿಸ್ಲೇಬೇಡಿ, ಹಾಳಾದ ಕಾಗದ ಮತ್ತೆ ಸರಿ ಮಾಡೋಕೆ ಆಗದ ಹಾಗೆ ಆಗುತ್ತೆ. ಫೈಲಿಗೆ ಫೋನ್ ಕೊಡೋ ನಂಬರ್ ಹಾಗೇ ಬಿಡಬೇಡಿ, ಇಸವಿ, ಊರು, ಏನು ಕಾಗದ, ಎಷ್ಟನೇ ಪುಟ ಇಷ್ಟಿರ್ಲಿ, 1931 ರಶೀದಿ ಗದ್ದೆ 01 ಅನ್ನೋ ಥರ. ಜಮ್ಮಾ, ಬಾಣೆ, ಸಾಗು, ಉಂಬಳಿ ಅಂತ ಜಮೀನಿನ ಬಗೆ, ಹಕ್ಕು ಹೇಳೋ ಮಾತು ಎಲ್ಲಿ ಕಂಡ್ರೂ ಅದನ್ನ ಪ್ರತ್ಯೇಕ ಗುರುತು ಮಾಡಿ, ಕೊಡಗಿನ ಜಮೀನು ಚರಿತ್ರೆ ಪೂರ್ತಿ ಈ ನಾಲ್ಕು ಮಾತಿನ ಮೇಲೆ ನಿಂತಿದೆ. ಮತ್ತೆ ಇವನ್ನ ವಾಟ್ಸಾಪ್ ಗ್ರೂಪಿಗೆ ಹಾಕೋಕೆ ಮುಂಚೆ ನೂರು ಸಲ ಯೋಚಿಸಿ. ನಮ್ಮಲ್ಲಿ ಜಮ್ಮಾ ಬಾಣೆ ತಕರಾರು ಇಲ್ಲದ ಕುಟುಂಬ ಕಡಿಮೆ, ನಿಮಗೆ ಚರಿತ್ರೆ ಅನ್ನಿಸಿದ ಕಾಗದ ಇನ್ನೊಬ್ಬರಿಗೆ ಕೋರ್ಟ್ ಸಾಕ್ಷಿ. ಮನೆಯವರೆಲ್ಲ ಒಪ್ಪಿದ್ರೆ ಮಾತ್ರ ಹೊರಗೆ.

ಹಿರಿಯರ ಮಾತು ರೆಕಾರ್ಡ್ ಮಾಡುವಾಗ ಫೋನ್ ಏರೋಪ್ಲೇನ್ ಮೋಡಲ್ಲಿ ಇಡಿ, ಫ್ಯಾನ್ ಆಫ್ ಮಾಡಿ, ಮಳೆ ಹೆಂಚಿನ ಮೇಲೆ ಬೀಳ್ತಿದ್ರೆ ಅವತ್ತು ಬಿಡಿ. ಶುರುವಲ್ಲಿ ತಾರೀಖು, ಜಾಗ, ಯಾರು ಮಾತಾಡ್ತಿರೋದು ಅಂತ ನೀವೇ ಹೇಳಿ, ರೆಕಾರ್ಡ್ ಮಾಡ್ಲಾ ಅಂತ ಕೇಳಿ, ಅವರು ಹೂಂ ಅಂದಿದ್ದೂ ರೆಕಾರ್ಡಲ್ಲಿ ಇರ್ಲಿ. "ಹಳೇ ಕಾಲದ ಬಗ್ಗೆ ಹೇಳಿ" ಅಂದ್ರೆ ಯಾರೂ ಹೇಳಲ್ಲ, ಒಂದು ವಸ್ತು ಕೈಗೆ ಕೊಡಿ, ಹಳೇ ಫೋಟೋ, ಬೀಗದ ಕೈ, ಭತ್ತ ಅಳೆಯೋ ಸೇರು, ಮಾತು ತಾನಾಗೇ ಬರುತ್ತೆ. ಕೊಡವ ತಕ್ಕ್, ಅರೆಭಾಷೆ, ಯರವ ಭಾಷೆ, ಅವರು ಯಾವ ಭಾಷೆಯಲ್ಲಿ ಮಾತಾಡ್ತಾರೋ ಅದರಲ್ಲೇ ಬಿಡಿ, ನಿಮಗೋಸ್ಕರ ಕನ್ನಡಕ್ಕೆ ತಿರುಗಿಸೋಕೆ ಹೇಳ್ಬೇಡಿ, ಆ ತಿರುವಲ್ಲೇ ಅರ್ಧ ಹೆಸರು ಕಳೆದುಹೋಗುತ್ತೆ. ತೋಟದ ಲೈನ್‌ಮನೆಯಲ್ಲಿ, ಅಂದ್ರೆ ಕೆಲಸದವರ ಸಾಲು ಮನೆಯಲ್ಲಿ ಇರೋರನ್ನ ಕೇಳುವಾಗ ಮಾಲೀಕರ ಎದುರಿಗೆ ಕೇಳ್ಬೇಡಿ.

ಎಐ ಬಗ್ಗೆ ಕೇಳೋರು ಜಾಸ್ತಿ. ಇನ್ನೂರು ವರ್ಷದ ಹಿಂದಿನ ಇಂಗ್ಲಿಷಿನ ಉದ್ದುದ್ದ ವಾಕ್ಯ ಬಿಡಿಸಿ ಹೇಳೋಕೆ ಅದು ಚೆನ್ನಾಗಿದೆ, ನಾನೂ ಬಳಸ್ತೀನಿ. ಇಸವಿ, ಶಾಸನದ ನಂಬರ್, ಯಾರು ಏನಂದ್ರು ಅಂತ ಕೇಳಿದ್ರೆ ಇಲ್ಲದ್ದನ್ನೂ ಧೈರ್ಯವಾಗಿ ಹೇಳ್ಬಿಡುತ್ತೆ, ಅದು ಹೇಳಿದ ಪುಟ ನೀವು ಕಣ್ಣಾರೆ ನೋಡೋವರೆಗೆ ನಂಬಬೇಡಿ. ಫಾರ್ವರ್ಡ್ ಮೆಸೇಜಿಗೂ ಇದೇ. ಮಡಿಕೇರಿ ತಾಮ್ರಪಟ ಕ್ರಿಸ್ತಶಕ 466ರದ್ದು ಅಂತ ವರ್ಷಕ್ಕೊಂದು ಸಲ ನವೆಂಬರಲ್ಲಿ ಎಲ್ಲಾ ಗ್ರೂಪಿಗೂ ಬರುತ್ತೆ. ಅದರಲ್ಲಿ 388 ಅನ್ನೋ ವರ್ಷ ಇರೋದು ಹೌದು, ಅದನ್ನ ಶಕ ಅಂತ ಹಿಡಿದು 78 ಕೂಡಿಸಿದ್ರೆ 466 ಬರುತ್ತೆ. ಆದ್ರೆ ಅದರ ಲಿಪಿ ನೋಡಿ ಇದು ಅಷ್ಟು ಹಳೇದಲ್ಲ, ಆಮೇಲೆ ಯಾವಾಗಲೋ ಮಾಡಿಸಿದ್ದು ಅಂತ ಫ್ಲೀಟ್‌ನಂಥ ವಿದ್ವಾಂಸರು ಆಗಲೇ ತಕರಾರು ಎತ್ತಿದ್ದಾರೆ. ನಮ್ಮ ಊರಿನದು ಅನ್ನೋ ಪ್ರೀತಿ ನನಗೂ ಇದೆ, ಆದ್ರೂ ತಾಮ್ರಪಟದ ಬಗ್ಗೆ ಬರೆದಾಗ ಆ ತಕರಾರನ್ನೂ ಜೊತೆಗೇ ಬರೀತೀನಿ.

ಕೊನೆಗೆ ಕಾಪಿ. ಒಂದು ಲ್ಯಾಪ್‌ಟಾಪಲ್ಲಿ, ಒಂದು ಹಾರ್ಡ್ ಡಿಸ್ಕಲ್ಲಿ, ಇನ್ನೊಂದು ಕೊಡಗಿನ ಹೊರಗೆ, ಮೈಸೂರಲ್ಲೋ ಬೆಂಗಳೂರಲ್ಲೋ ಇರೋ ತಂಗಿ ಮನೆಯಲ್ಲಿ, ಇಲ್ಲಾ ಕ್ಲೌಡಲ್ಲಿ. ಎರಡೂ ಒಂದೇ ಬೆಟ್ಟದ ಕೆಳಗೆ ಇದ್ರೆ ಒಂದಿದ್ದ ಹಾಗೆನೇ. ಹಂಚ್ಕೋಬಹುದಾದ ಕಲ್ಲು, ಗುಡಿ, ಐನ್‌ಮನೆ ಫೋಟೋಗಳನ್ನ ವಿಕಿಮೀಡಿಯಾ ಕಾಮನ್ಸಿಗೆ ಹಾಕಿ, ಊರಿನ ಹೆಸರನ್ನ ನಿಮ್ಮ ನೋಟ್‌ಬುಕ್ಕಿನ ನಾಲ್ಕೂ ಕಾಗುಣಿತದಲ್ಲಿ ಬರೀರಿ, ಮುಂದೆ ಹುಡುಕೋರು ಯಾವ ಹೆಸರಲ್ಲಿ ಬಂದ್ರೂ ಸಿಗ್ಲಿ.

ಎಲ್ಲಾ ಮುಗಿಸಿದ ಮೇಲೆ ರೆಕಾರ್ಡಿಂಗನ್ನ ಹೇಳಿದವರಿಗೇ ಒಂದು ಸಲ ಕೇಳಿಸಿ. ನಾನು ಹೋದ ಜನವರಿಯಲ್ಲಿ 1931ರ ಆ ರಶೀದಿ, ಗ್ರಾಮ ನಕ್ಷೆ ಎರಡನ್ನೂ ಪಕ್ಕದಲ್ಲಿಟ್ಕೊಂಡು ಅತ್ತೆಗೆ ಅವರದ್ದೇ ಮಾತು ಕೇಳಿಸ್ತಿದ್ದೆ. ರಶೀದಿಯಲ್ಲಿ ಒಂದು ಗದ್ದೆ ಹೆಸರು ಅರ್ಧ ಹುಳ ತಿಂದು "ಕರೆ" ಅಂತ ಮಾತ್ರ ಉಳಿದಿತ್ತು, ಪಹಣಿಯಲ್ಲಿ ಅದು ಬರೀ ನಂಬರ್, ನಾನು ಎರಡು ವರ್ಷದಿಂದ ಅದು ಕರೆ ಅಲ್ಲ ಕೆರೆ ಇರ್ಬೇಕು ಅಂತ ಅಂದ್ಕೊಂಡಿದ್ದೆ. ಅತ್ತೆ ನಕ್ಷೆ ಮೇಲೆ ಬೆರಳಿಟ್ಟು "ಕೆರೆ ಎಲ್ಲಿಂದ ಬರ್ಬೇಕು ಕಣೋ ಅಲ್ಲಿ, ಅದು ಕೊಕ್ಕರೆಗದ್ದೆ" ಅಂದ್ರು. ಅವತ್ತೇ ಫೈಲಿನ ಹೆಸರು ಬದಲಾಯಿಸಿದೆ.